ಕುರ್ಚಿಯ ಮೇಲಿನ ಕ್ಯಾಮೆರಾ: ಮೆಮೊಗೆ ಏನೆಂದು ಉತ್ತರ ಬರೆಯಲಿ?

ಲೆಕ್ಕದ ಮೇಜು

ಒಂಬತ್ತು ವರ್ಷಗಳಿಂದ ಒಂದೇ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಎರಡು ವರ್ಷದ ಹಿಂದೆ ತಿಜೋರಿಯಿಂದ ಒಂದಷ್ಟು ನಗದು ಕಾಣೆಯಾಯಿತು. ತೆಗೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆಮೇಲೆ ತಿಜೋರಿ ಇರುವ ಮೂಲೆಗೆ ಕ್ಯಾಮೆರಾ ಬಂತು, ಬಾಗಿಲಿಗೆ ‘ಭದ್ರತೆಯ ದೃಷ್ಟಿಯಿಂದ ಈ ಕೊಠಡಿ ಸಿಸಿಟಿವಿ ಕಣ್ಗಾವಲಿನಲ್ಲಿದೆ’ ಎಂಬ ಚೀಟಿಯೂ ಬಂತು. ನಾವು ಯಾರೂ ತಕರಾರು ಮಾಡಲಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಇನ್ನೊಮ್ಮೆ ಹಣ ಹೋದರೆ ನಮ್ಮ ಮೇಲೆ ಅನುಮಾನ ಬರುವುದಿಲ್ಲವಲ್ಲ ಎಂದು.

ಕಳೆದ ವಾರ ನನ್ನ ಕೈಗೆ ಮೆಮೊ ಕೊಟ್ಟರು. ಮೂರು ದಿನಾಂಕ, ಪ್ರತಿಯೊಂದರ ಮುಂದೆ ನಾನು ‘ಆಸನದಲ್ಲಿ ಇಲ್ಲದ ಅವಧಿ’. ಒಂದು ಸಾಲು ಹೀಗಿದೆ: ‘11:42ರಿಂದ 12:09, ಒಟ್ಟು 27 ನಿಮಿಷ’. ಜೊತೆಗೆ ಕ್ಯಾಮೆರಾದಿಂದ ತೆಗೆದ ಮೂರು ಚಿತ್ರ, ಮೂರರಲ್ಲೂ ಖಾಲಿ ಕುರ್ಚಿ. ಸೋಮವಾರದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕಂತೆ.

ತಿಜೋರಿ ಕಾಯಲು ಹಾಕಿದ ಕ್ಯಾಮೆರಾ ನನ್ನ ಕುರ್ಚಿ ಕಾಯಬಹುದೇ? ಕಾನೂನು ಬಲ್ಲವರು ಹೇಳಿ. ಸಂಜೆ ದೀಪ ಆರಿಸುವ ಹೊತ್ತಿಗೆ ಆ ಕ್ಯಾಮೆರಾದಿಂದ ‘ಟಕ್’ ಎಂದು ಸಣ್ಣ ಸದ್ದು ಬರುತ್ತದೆ, ಸುತ್ತಲೂ ಮಂಕಾದ ಕೆಂಪು ಬಳೆ ಹೊತ್ತಿಕೊಳ್ಳುತ್ತದೆ. ಎರಡು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ಈಗ ಆ ಸದ್ದು ಬರುವ ಮೊದಲೇ ಬೆನ್ನು ನೆಟ್ಟಗಾಗುತ್ತದೆ.

ನೇರ ಮಾತು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಂಬಳ ಕೊಡುವವರು ಕೆಲಸ ನಡೆಯುತ್ತಿದೆಯೇ ಎಂದು ನೋಡುವುದರಲ್ಲಿ ತಪ್ಪೇನು? ಸೀಟಿನಲ್ಲಿದ್ದರೆ ಮೆಮೊ ಬರುತ್ತಿರಲಿಲ್ಲ.

ಎರಡನೇ ಪಾಳಿ

ಮೇಲಿನವರೇ, ಅವರು ಕೇಳಿದ್ದು ಕಾನೂನು, ನೀವು ಕೊಟ್ಟದ್ದು ಗಾದೆ. ನಮ್ಮ ಘಟಕದಲ್ಲಿ ಕ್ಯಾಮೆರಾ ಬಂದ ಮೇಲೆ ಕಳ್ಳತನ ನಿಂತಿತೋ ಇಲ್ಲವೋ ತಿಳಿಯದು. ಯಂತ್ರದ ಪಕ್ಕದಲ್ಲಿ ನಿಂತು ಹೊಸಬರಿಗೆ ಕೆಲಸ ಹೇಳಿಕೊಡುವುದಂತೂ ನಿಂತಿತು. ಇಬ್ಬರು ನಿಂತು ಮಾತನಾಡುವುದು ತೆರೆಯ ಮೇಲೆ ಹರಟೆಯಂತೆಯೇ ಕಾಣುತ್ತದೆ.

ತಂತಿ ಎಳೆಯುವವನು

ಹದಿನಾಲ್ಕು ವರ್ಷಗಳಿಂದ ಕ್ಯಾಮೆರಾ ಕೂರಿಸುವುದೇ ನನ್ನ ಕೆಲಸ. ಕಾನೂನು ವಕೀಲರಿಗೆ ಬಿಡುತ್ತೇನೆ. ನೀವು ನೋಡಬೇಕಾದ ಕೆಲವು ವಿಷಯ ಹೇಳುತ್ತೇನೆ ಮೇಡಂ.

ಮೊದಲನೆಯದು ಮಸೂರ. ಹೆಚ್ಚಿನ ಕಚೇರಿಗಳಲ್ಲಿ 2.8 ಮಿಲಿಮೀಟರ್ ಮಸೂರದ ಕ್ಯಾಮೆರಾ ಇರುತ್ತದೆ. ಅದು ಸುಮಾರು ನೂರು ಡಿಗ್ರಿ ಅಗಲ ನೋಡುತ್ತದೆ, ಮೂಲೆಯಲ್ಲಿ ಇಟ್ಟರೆ ಇಡೀ ಕೋಣೆ ಸಿಗುತ್ತದೆ. ತಿಜೋರಿ ಮಾತ್ರ ಬೇಕಿದ್ದರೆ 6 ಅಥವಾ 8 ಮಿಲಿಮೀಟರ್‌ನದು ಹಾಕಬಹುದಿತ್ತು. ನೋಟ ಕಿರಿದಾಗುತ್ತದೆ, ಕೈಬೆರಳೂ ಸ್ಪಷ್ಟ ಕಾಣುತ್ತದೆ. ಅಂದರೆ ತಿಜೋರಿಯನ್ನು ಚೆನ್ನಾಗಿ ಕಾಯುವ ಕ್ಯಾಮೆರಾ ನಿಮ್ಮನ್ನು ನೋಡುವುದೇ ಇಲ್ಲ. ನಿಮ್ಮನ್ನು ನೋಡುವ ಕ್ಯಾಮೆರಾಕ್ಕೆ ತಿಜೋರಿ ಮೂಲೆಯಲ್ಲಿರುವ ಒಂದು ಬೂದು ಡಬ್ಬಿ. ಯಾವ ಮಸೂರ ಹಾಕಿದ್ದಾರೆ ಎಂಬುದೇ ಉದ್ದೇಶದ ಅರ್ಧ ಕಥೆ ಹೇಳಿಬಿಡುತ್ತದೆ.

ಎರಡನೆಯದು, ಅಗಲ ಮಸೂರವೇ ಇದ್ದರೂ ಚಿತ್ರದ ಒಂದು ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚುವ ಸೌಲಭ್ಯ ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ಇದೆ. ಹಾಗೆ ಮುಚ್ಚಿದ ಭಾಗ ದಾಖಲೇ ಆಗುವುದಿಲ್ಲ. ಎರಡು ನಿಮಿಷದ ಕೆಲಸ. ಇಷ್ಟು ವರ್ಷಗಳಲ್ಲಿ ಅದನ್ನು ತಾವಾಗಿ ಕೇಳಿದ ಮಾಲೀಕರು ನನಗೆ ಮೂವರು ಸಿಕ್ಕಿದ್ದಾರೆ.

ಇನ್ನು ಧ್ವನಿ. ಈಗಿನ ಅನೇಕ ಕ್ಯಾಮೆರಾಗಳಲ್ಲಿ ಮೈಕ್ ಒಳಗೇ ಇರುತ್ತದೆ. ಚೀಟಿಯಲ್ಲಿ ಅದರ ಸುದ್ದಿ ಇರುವುದಿಲ್ಲ. ಒಂದು ಕಡೆ ರಿಪೇರಿಗೆ ಹೋದಾಗ ಮಾಲೀಕರ ಮೊಬೈಲಿನಲ್ಲಿ ಸಿಬ್ಬಂದಿಯ ಮಾತೆಲ್ಲ ಕೇಳಿಬರುತ್ತಿತ್ತು. ಯಾರೋ ತಮ್ಮ ತಾಯಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡುತ್ತಿದ್ದರು. ನಾನು ಏಣಿಯ ಮೇಲಿದ್ದೆ, ಇಳಿದು ಹೋಗಿಬಿಡಬೇಕೆನಿಸಿತು.

ಕೊನೆಯದು ಗಡಿಯಾರ. ದೃಶ್ಯ ಉಳಿಸಿಡುವ ದಾಖಲೆ ಪೆಟ್ಟಿಗೆಯನ್ನು ಅಂತರ್ಜಾಲಕ್ಕೆ ಜೋಡಿಸದಿದ್ದರೆ ಅದರ ಗಡಿಯಾರ ತಿಂಗಳು ಕಳೆದಂತೆ ಸರಿಯುತ್ತ ಹೋಗುತ್ತದೆ. ಒಳಗಿನ ಬ್ಯಾಟರಿ ಸತ್ತಿದ್ದರೆ, ಒಮ್ಮೆ ವಿದ್ಯುತ್ ಹೋಗಿ ಬಂದರೂ ಸಾಕು, ಸಮಯ ಎಲ್ಲಿಗೋ ಹಾರುತ್ತದೆ. ನಿಮಗೆ ಕೊಟ್ಟ ಚಿತ್ರದ ಮೂಲೆಯ ಸಮಯವನ್ನು ಕಣ್ಣು ಮುಚ್ಚಿ ನಂಬಬೇಡಿ.

ಕಪ್ಪು ಕೋಟು

ಮೇಡಂ, ಯಾವ ದೇಶದ ಕಾನೂನು ನಿಮಗೆ ಅನ್ವಯಿಸುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ನೀವು ಎತ್ತಿದ ಪ್ರಶ್ನೆ ಎಲ್ಲ ಕಡೆಯೂ ಒಂದೇ. ಒಂದು ಉದ್ದೇಶಕ್ಕೆ ಪಡೆದ ಮಾಹಿತಿಯನ್ನು ಇನ್ನೊಂದು ಉದ್ದೇಶಕ್ಕೆ ಬಳಸಬಹುದೇ ಎಂಬುದು.

ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾನೂನಿನ ಪ್ರಕಾರ ಮೊದಲು ಹೇಳಿದ ಉದ್ದೇಶಕ್ಕೆ ಹೊಂದದ ಬಳಕೆ ನಿಷಿದ್ಧ. ದಂಡದ ಮೇಲ್ಮಿತಿ 2 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ. 4, ಎರಡರಲ್ಲಿ ಯಾವುದು ಹೆಚ್ಚೋ ಅದು. 2021ರ ಜನವರಿಯಲ್ಲಿ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ದತ್ತಾಂಶ ರಕ್ಷಣಾ ಆಯುಕ್ತರು ಲ್ಯಾಪ್‌ಟಾಪ್ ಮಾರುವ ಕಂಪನಿಯೊಂದಕ್ಕೆ 1.04 ಕೋಟಿ ಯೂರೊ ದಂಡ ವಿಧಿಸಿದ್ದನ್ನು ಪ್ರಕಟಿಸಿದರು. ಕಳ್ಳತನ ತಡೆಯಲು ಎಂದು ಹೇಳಿ ಕನಿಷ್ಠ ಎರಡು ವರ್ಷ ನೌಕರರನ್ನು ಚಿತ್ರೀಕರಿಸಿದ್ದರು. ಆಯುಕ್ತರ ವಾದ ಸರಳವಾಗಿತ್ತು. ಹೊರಗೆ ಹೋಗುವಾಗ ಆಗೊಮ್ಮೆ ಈಗೊಮ್ಮೆ ಚೀಲ ತಪಾಸಣೆ ಮಾಡುವಂತಹ ಮೃದು ದಾರಿಗಳನ್ನು ಮೊದಲು ನೋಡಬೇಕಿತ್ತು, ಎಲ್ಲರನ್ನೂ ಸದಾ ಸಂಶಯದ ಕೆಳಗೆ ಇಡುವಂತಿಲ್ಲ ಎಂದು.

ಭಾರತದಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆದರೆ ಆ ತೀರ್ಪು ಮುಖ್ಯವಾಗಿ ಪ್ರಭುತ್ವದ ಎದುರಿಗಿನ ಗುರಾಣಿ, ಖಾಸಗಿ ಮಾಲೀಕರ ಎದುರು ಅದನ್ನು ನೇರವಾಗಿ ಹಿಡಿಯುವುದು ಕಷ್ಟ. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ, ಮಾಲೀಕರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಒಪ್ಪಿಗೆಯಿಲ್ಲದೆಯೇ ದತ್ತಾಂಶ ಬಳಸಲು ದಾರಿ ಬಿಟ್ಟಿದೆ. 11ನೇ ಕಲಮು ಕೊಡುವ ಮಾಹಿತಿ ಕೇಳುವ ಹಕ್ಕು ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಎಂದರೆ ನೌಕರರ ಒಪ್ಪಿಗೆ ಕೇಳದ ಮಾಲೀಕರು ಆ ಹಕ್ಕಿನಿಂದಲೂ ತಪ್ಪಿಸಿಕೊಳ್ಳಬಹುದು. ಇದು ಕಾಯ್ದೆಯ ದೊಡ್ಡ ತೂತು ಎಂಬುದು ನನ್ನ ಅಭಿಪ್ರಾಯ. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ.

ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳ ಮಾತು ಬೇರೆ. ಅಲ್ಲಿ ಉದ್ದೇಶದ ಚರ್ಚೆಯೇ ಬೇಕಿಲ್ಲ, ಅದು ಅಪರಾಧ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು, ಮಹಿಳೆಯರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಅನ್ವಯವಾಗುತ್ತವೆ.

ಗೋದಾಮು ನೋಡಿಕೊಳ್ಳುವವ

ಇಲ್ಲಿ ಮಾಲೀಕರ ಕಡೆಯಿಂದ ಯಾರೂ ಮಾತನಾಡುತ್ತಿಲ್ಲ, ನಾನೇ ಬೈಗುಳಕ್ಕೆ ತಲೆ ಕೊಡುತ್ತೇನೆ. ನನ್ನ ಕೈಕೆಳಗೆ ನಲವತ್ತು ಜನರಿದ್ದಾರೆ. ಸರಕು ಹೋಗುತ್ತದೆ, ಅದು ನಿಜವಾದ ನಷ್ಟ. ಒಮ್ಮೆ ಸರಕೆತ್ತುವ ಯಂತ್ರ ಕಪಾಟಿಗೆ ಗುದ್ದಿ ಒಬ್ಬರ ಕಾಲು ಮುರಿಯಿತು. ಚಾಲಕನದೇ ತಪ್ಪು ಎಂದು ಎಲ್ಲರೂ ಆಗಲೇ ತೀರ್ಮಾನಿಸಿದ್ದರು. ದೃಶ್ಯ ನೋಡಿದರೆ ಮೇಲಿನ ಹಲಗೆ ಮೊದಲೇ ಜಾರಿತ್ತು. ಕ್ಯಾಮೆರಾ ಇಲ್ಲದಿದ್ದರೆ ಆ ಚಾಲಕನ ಕೆಲಸ ಹೋಗುತ್ತಿತ್ತು.

ಆದರೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮೊಬೈಲಿನಲ್ಲಿ ನೇರ ದೃಶ್ಯ ನೋಡುವ ವ್ಯವಸ್ಥೆ ಬಂದ ಮೊದಲ ತಿಂಗಳು ನನಗೆ ಅದೇ ಚಟವಾಯಿತು. ರಾತ್ರಿ ಮಲಗುವ ಮುಂಚೆಯೂ ಒಮ್ಮೆ ನೋಡುತ್ತಿದ್ದೆ. ಯಾರು ಯಾರೊಂದಿಗೆ ನಿಂತರು, ಯಾರು ಎಷ್ಟು ಸಲ ನೀರು ಕುಡಿಯಲು ಹೋದರು. ಕಳ್ಳತನ ಹುಡುಕಲು ಅದನ್ನು ತೆರೆದದ್ದೇ ಇಲ್ಲ. ಒಂದು ದಿನ ಒಬ್ಬ ಹುಡುಗನಿಗೆ ‘ನಿನ್ನೆ ಗೋಡೆಗೆ ಒರಗಿ ಯಾಕೆ ನಿಂತಿದ್ದೆ’ ಎಂದು ಕೇಳಿದೆ. ಅವನ ಮುಖ ನೋಡಿ ನನಗೇ ನಾಚಿಕೆಯಾಯಿತು. ಜ್ವರವಿತ್ತಂತೆ. ಈಗ ಗುಪ್ತಪದ ಇಬ್ಬರ ಬಳಿ ಅರ್ಧರ್ಧ ಇದೆ, ಘಟನೆ ಆದಾಗ ಇಬ್ಬರೂ ಕೂತು ತೆರೆಯಬೇಕು.

ನೇರ ಮಾತು

ಎಲ್ಲ ಸರಿ, ಆದರೆ ಹೇಳಿ ಹಾಕಿದ ಕ್ಯಾಮೆರಾದಲ್ಲಿ ಕಳ್ಳ ಸಿಗುತ್ತಾನೆಯೇ? ಚೀಟಿ ಅಂಟಿಸಿದರೆ ಕಳ್ಳನೂ ಅದನ್ನು ಓದುತ್ತಾನೆ. ಗುಟ್ಟಾಗಿ ಇಟ್ಟರೆ ಮಾತ್ರ ಉಪಯೋಗ.

ಕಪ್ಪು ಕೋಟು

ಈ ಪ್ರಶ್ನೆ ಒಳ್ಳೆಯದು, ಇದರ ಮೇಲೆ ದೊಡ್ಡ ಮೊಕದ್ದಮೆಯೇ ನಡೆದಿದೆ. ಸ್ಪೇನಿನ ಸೂಪರ್‌ ಮಾರ್ಕೆಟ್ ಒಂದರಲ್ಲಿ 2009ರಲ್ಲಿ ದಾಸ್ತಾನಿಗೂ ಮಾರಾಟಕ್ಕೂ ತಾಳೆಯಾಗದೆ ಪ್ರತಿ ತಿಂಗಳೂ ಸಾವಿರಾರು ಯೂರೊ ನಷ್ಟವಾಗುತ್ತಿತ್ತು. ವ್ಯವಸ್ಥಾಪಕರು ಬಾಗಿಲುಗಳಲ್ಲಿ ಕಾಣುವ ಕ್ಯಾಮೆರಾ, ಹಣ ಪಡೆಯುವ ಕೌಂಟರುಗಳ ಮೇಲೆ ಗುಟ್ಟಿನ ಕ್ಯಾಮೆರಾ ಇಟ್ಟರು. ನೌಕರರಿಗೆ ಹೇಳಿದ್ದು ಕಾಣುವವುಗಳ ಬಗ್ಗೆ ಮಾತ್ರ. ಹತ್ತು ದಿನ ಚಿತ್ರೀಕರಿಸಿ 14 ಜನರನ್ನು ಕೆಲಸದಿಂದ ತೆಗೆದರು. ಲೋಪೆಸ್ ರಿಬಾಲ್ಡಾ ಪ್ರಕರಣ ಎಂದು ಅದು ಪ್ರಸಿದ್ಧ. 2018ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ನೌಕರರ ಪರ ಹೇಳಿತು, 2019ರ ಅಕ್ಟೋಬರ್ 17ರಂದು ಅದರ ಹಿರಿಯ ಪೀಠ 14–3 ಮತಗಳಿಂದ ತಿರುಗಿಸಿ, ಹಕ್ಕಿನ ಉಲ್ಲಂಘನೆಯಾಗಿಲ್ಲ ಎಂದಿತು.

ಇಷ್ಟು ಕೇಳಿ ನೀವು ಸಂತೋಷಪಡುವ ಮೊದಲು ಕಾರಣ ನೋಡಿ. ನಷ್ಟ ಲೆಕ್ಕದಲ್ಲಿ ಕಾಣುವಂತಿತ್ತು. ಅನೇಕರು ಕೂಡಿ ಮಾಡುತ್ತಿದ್ದಾರೆ ಎಂಬ ಸಕಾರಣ ಸಂಶಯವಿತ್ತು. ಕ್ಯಾಮೆರಾ ಇದ್ದದ್ದು ಗ್ರಾಹಕರೂ ಬಂದುಹೋಗುವ ಜಾಗದಲ್ಲಿ. ನೋಡಿದವರು ಕೆಲವರೇ, ನಡೆದದ್ದು ಹತ್ತೇ ದಿನ, ಚಿತ್ರ ಬಳಸಿದ್ದು ಕಳ್ಳತನ ಹಿಡಿಯುವುದಕ್ಕೆ ಮಾತ್ರ. ಚೂರು ಸಂಶಯ ಬಂದರೆ ಗುಟ್ಟು ಕ್ಯಾಮೆರಾ ಇಡಬಹುದು ಎಂದು ತಾನು ಹೇಳುತ್ತಿಲ್ಲ ಎಂಬುದನ್ನೂ ಪೀಠ ಸ್ಪಷ್ಟಪಡಿಸಿತು. ಈ ಅಳತೆಗೋಲನ್ನು ನಮ್ಮ ಮೇಡಂ ಪ್ರಕರಣಕ್ಕೆ ಹಿಡಿಯಿರಿ. ಎರಡು ವರ್ಷ, ಕಳ್ಳತನದ ಆರೋಪವೇ ಇಲ್ಲ, ಅಳೆದದ್ದು ಕುರ್ಚಿ.

ಇದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಮಾಂಟೆನೆಗ್ರೊ ವಿಶ್ವವಿದ್ಯಾಲಯದ ಇಬ್ಬರು ಗಣಿತ ಅಧ್ಯಾಪಕರು ಪಾಠದ ಸಭಾಂಗಣಗಳಲ್ಲಿಟ್ಟ ಕ್ಯಾಮೆರಾ ಪ್ರಶ್ನಿಸಿ ಅದೇ ನ್ಯಾಯಾಲಯದಲ್ಲಿ 4–3ರಿಂದ ಗೆದ್ದರು. ಸಾರ್ವಜನಿಕ ಜಾಗದಲ್ಲಿ ಖಾಸಗಿತನ ಎಲ್ಲಿಂದ ಬಂತು ಎಂದು ಅಲ್ಲಿನ ಸರ್ಕಾರ ವಾದಿಸಿತ್ತು. ಮನುಷ್ಯ ಇತರರೊಂದಿಗೆ ಬೆರೆಯುವುದು ಕೆಲಸದ ಜಾಗದಲ್ಲೇ ಹೆಚ್ಚು, ಅದೂ ಅವನ ಖಾಸಗಿ ಬದುಕಿನ ಭಾಗವೇ ಎಂಬ ನೆಲೆಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಕಡತದ ಹಿಂದೆ

ನಾನು ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ, ಹೆಸರು ಹೇಳುವುದಿಲ್ಲ. ಮೇಡಂ, ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದಗಳ ಕಟ್ಟು ತೆಗೆದು ನೋಡಿ. ‘ಸಂಸ್ಥೆಯ ಎಲ್ಲ ಬಗೆಯ ನಿಗಾಕ್ಕೆ ಒಪ್ಪಿದ್ದೇನೆ’ ಎಂಬ ಸಾಲು ಎಲ್ಲೋ ಇರುತ್ತದೆ, ಅದನ್ನು ಅಲ್ಲಿ ಸೇರಿಸುವವರೇ ನಾವು. ಅದು ಇದೆ ಎಂದು ಎದೆಗುಂದಬೇಡಿ. ಕೆಲಸ ಬೇಕಾದವರು ‘ಒಪ್ಪುವುದಿಲ್ಲ’ ಎಂದು ಬರೆಯುವುದುಂಟೇ? ಯುರೋಪಿನ ಅಧಿಕಾರಿಗಳು ನೌಕರರ ಒಪ್ಪಿಗೆಯನ್ನು ಸಾಮಾನ್ಯವಾಗಿ ನಂಬದಿರುವುದಕ್ಕೆ ಇದೇ ಕಾರಣ.

ಉತ್ತರ ಬರೆಯುವಾಗ ಆಯ್ದ ಚಿತ್ರ ಬೇಡ, ಆ ಮೂರೂ ದಿನಗಳ ಪೂರ್ತಿ ದೃಶ್ಯ ಉಳಿಸಿ ಎಂದು ಮೊದಲ ಸಾಲಿನಲ್ಲೇ ಕೇಳಿ. ಇವತ್ತೇ ಕೇಳಿ. ಪೆಟ್ಟಿಗೆ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ಆಮೇಲೆ ‘ಅಳಿಸಿಹೋಗಿದೆ’ ಎನ್ನುವುದು ಅತಿ ಸುಲಭದ ಉತ್ತರ.

ಎರಡನೇ ಪಾಳಿ

ಒಬ್ಬರೇ ಬರೆಯಬೇಡಿ. ಆ ಕೋಣೆಯಲ್ಲಿ ಇನ್ನೂ ಜನ ಇದ್ದಾರಲ್ಲವೇ? ಜರ್ಮನಿಯಲ್ಲಿ ನೌಕರರ ಮಂಡಳಿ ಇರುವ ಕಡೆ ನೌಕರರ ನಡವಳಿಕೆ ಅಳೆಯುವಂತಹ ಯಾವ ಉಪಕರಣವನ್ನೂ ಮಂಡಳಿಯ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ, ಕಾನೂನಿನಲ್ಲೇ ಹಾಗೆ ಬರೆದಿದ್ದಾರೆ. ನಮಗೆ ಆ ಕಾನೂನು ಇಲ್ಲದಿರಬಹುದು. ಆರು ಜನ ಸಹಿ ಹಾಕಿದ ಪತ್ರ ಎಲ್ಲಿಯಾದರೂ ಪತ್ರವೇ.

ಮೂರನೇ ಮಹಡಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಮನುಷ್ಯರು ನೋಡುವುದೂ ಇಲ್ಲ, ತಂತ್ರಾಂಶವೇ ‘ನಿಷ್ಕ್ರಿಯ’ ಎಂದು ಕೆಂಪು ಗುರುತು ಹಾಕುತ್ತದೆ. ಮುಖಭಾವ ನೋಡಿ ಉತ್ಸಾಹ ಅಳೆಯುವುದೂ ಬರಲಿದೆಯಂತೆ. ಇದಕ್ಕೆ ತಡೆ ಇಲ್ಲವೇ?

ಕಪ್ಪು ಕೋಟು

ಮುಖಭಾವದಿಂದ ಭಾವನೆ ಊಹಿಸುವುದನ್ನು ಯುರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆ ಕೆಲಸದ ಸ್ಥಳಗಳಲ್ಲಿ 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ಉಳಿದದ್ದು ದೊಡ್ಡ ವಿಷಯ, ಬೇರೆ ಚರ್ಚೆ ತೆರೆಯಿರಿ, ಅಲ್ಲಿಗೆ ಬರುತ್ತೇನೆ.

ಲೆಕ್ಕದ ಮೇಜು

ಎಲ್ಲರಿಗೂ ವಂದನೆ. ತಂತಿಯವರು ಹೇಳಿದ ಮೇಲೆ ಆ ಮೂರು ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ ದೊಡ್ಡ ಗಡಿಯಾರವಿದೆ, ಅದೂ ಚಿತ್ರದಲ್ಲಿ ಬಿದ್ದಿದೆ. ಮೂಲೆಯ ಅಂಕಿ 11:42. ಗೋಡೆಯ ಮುಳ್ಳು 11:25 ತೋರಿಸುತ್ತಿದೆ. ಹದಿನೇಳು ನಿಮಿಷ ವ್ಯತ್ಯಾಸ! ಮೂರೂ ಚಿತ್ರಗಳಲ್ಲಿ ಅದೇ ಹದಿನೇಳು.

ಇಷ್ಟಾದ ಮೇಲೆ ಆ ದಿನ ನೆನಪಾಯಿತು. 11:25ಕ್ಕೆ ಲೆಕ್ಕ ಪರಿಶೋಧಕರು ಹಳೆಯ ವೋಚರುಗಳನ್ನು ಕೇಳಿದ್ದರು, ನಾನು ಕೆಳಗಿನ ದಾಖಲೆ ಕೋಣೆಗೆ ಹೋಗಿದ್ದೆ. ಅಲ್ಲಿನ ಪುಸ್ತಕದಲ್ಲಿ ನನ್ನ ಸಹಿ, ಸಮಯ ಎರಡೂ ಇವೆ. ಮೆಮೊದ ಸಮಯ ಹಿಡಿದು ಹುಡುಕಿದ್ದಾಗ ಅದು ಸಿಕ್ಕಿರಲಿಲ್ಲ, ಏಕೆಂದರೆ 11:42ಕ್ಕೆ ನಾನು ಎಲ್ಲಿಗೂ ಹೊರಟಿರಲಿಲ್ಲ. ಇನ್ನೊಂದು ದಿನ ಬೇರೆ ವಿಭಾಗದಲ್ಲಿ ಕುಳಿತು ಸಂಬಳದ ಪಟ್ಟಿ ತಾಳೆ ನೋಡುತ್ತಿದ್ದವಳು ನಾನೇ. ಮೂರನೆಯದು ಮಾತ್ರ ನಿಜ, ಹನ್ನೆರಡು ನಿಮಿಷ ಫೋನಿನಲ್ಲಿದ್ದೆ, ಮನೆಯ ವಿಷಯ. ಅದನ್ನು ಬಚ್ಚಿಡುವುದಿಲ್ಲ.

ಸಹಿ ಪುಸ್ತಕದ ಪ್ರತಿ, ಗಡಿಯಾರದ ವಿವರ ಸೇರಿಸಿ ಇವತ್ತು ಬೆಳಿಗ್ಗೆಯೇ ಉತ್ತರ ಕೊಟ್ಟುಬಿಟ್ಟೆ.

ತಂತಿ ಎಳೆಯುವವನು

ಗೋಡೆ ಗಡಿಯಾರ! ಹದಿನಾಲ್ಕು ವರ್ಷದಲ್ಲಿ ನನಗೇ ಹೊಳೆಯದ ಸಾಕ್ಷಿ.

ಕಪ್ಪು ಕೋಟು

ಮೇಡಂ, ಗಡಿಯಾರ ಚೆನ್ನಾಗಿ ಹಿಡಿದಿರಿ. ಆದರೆ ಒಂದು ಮಾತು, ಸ್ವಲ್ಪ ಕಹಿಯಾದರೂ. ಉತ್ತರದಲ್ಲಿ ನಿಮಿಷಗಳ ಲೆಕ್ಕ ಮಾತ್ರ ಕೊಟ್ಟಿದ್ದರೆ, ನಿಮಿಷ ಎಣಿಸುವ ಅಧಿಕಾರ ಅವರಿಗಿದೆ ಎಂದು ಮೌನವಾಗಿ ಒಪ್ಪಿದಂತಾಗುತ್ತದೆ. ಉದ್ದೇಶದ ಆಕ್ಷೇಪ ಬರೆದಿರಾ?

ಇನ್ನೊಂದು ಭ್ರಮೆಯೂ ಬೇಡ. ಅಕ್ರಮವಾಗಿ ಪಡೆದ ದೃಶ್ಯ ಸಾಕ್ಷಿಯಾಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಭಾರತದಲ್ಲಿ ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪಿನಿಂದಲೂ ಸಾಕ್ಷಿ ಪ್ರಸ್ತುತವಾಗಿದ್ದರೆ ಪಡೆದ ರೀತಿ ತಪ್ಪಿದ್ದರೂ ನ್ಯಾಯಾಲಯ ನೋಡಬಹುದು. ಜರ್ಮನಿಯ ಕಾರ್ಮಿಕ ಸುಪ್ರೀಂ ನ್ಯಾಯಾಲಯವೂ 2023ರ ಜೂನ್ 29ರಂದು, ಪಾಳಿ ಮಾಡದೆಯೇ ಮಾಡಿದಂತೆ ತೋರಿಸಿದ ಆರೋಪ ಹೊತ್ತ ನೌಕರನೊಬ್ಬನ ಪ್ರಕರಣದಲ್ಲಿ, ಬಹಿರಂಗ ಕ್ಯಾಮೆರಾದ ದೃಶ್ಯವನ್ನು ದತ್ತಾಂಶ ನಿಯಮ ಪೂರ್ತಿ ಪಾಲಿಸಿರದಿದ್ದರೂ ಬಳಸಬಹುದು ಎಂದಿತು. ಭಾರತದಲ್ಲಿ ನ್ಯಾಯಾಲಯಕ್ಕೆ ದೃಶ್ಯದ ಪ್ರತಿ ಕೊಟ್ಟರೆ ಅದನ್ನು ದೃಢೀಕರಿಸುವ ಪ್ರಮಾಣಪತ್ರ ಕಡ್ಡಾಯ, ಸುಪ್ರೀಂ ಕೋರ್ಟಿನ 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಅದನ್ನು ಖಚಿತಪಡಿಸಿದೆ. ಆದರೆ ಕಚೇರಿಯೊಳಗಿನ ವಿಚಾರಣೆಯಲ್ಲಿ ಅಷ್ಟು ಕಟ್ಟುನಿಟ್ಟು ಇರುವುದಿಲ್ಲ. ಹಾಗಾಗಿ ಆಕ್ಷೇಪವನ್ನು ಮೊದಲ ದಿನದಿಂದಲೇ ಕಾಗದದಲ್ಲಿ ಇಡಬೇಕು.

ಲೆಕ್ಕದ ಮೇಜು

ಇಲ್ಲ ಸರ್, ಬರೆಯಲಿಲ್ಲ. ಗಡಿಯಾರ ಸಿಕ್ಕಿದ ಉತ್ಸಾಹದಲ್ಲಿ ಅದೇ ಮರೆತುಹೋಯಿತು.

ಲೆಕ್ಕದ ಮೇಜು (ಹನ್ನೊಂದು ದಿನಗಳ ನಂತರ)

ಉತ್ತರ ಬಂತು. ‘ವಿವರಣೆಯನ್ನು ಗಮನಿಸಲಾಗಿದೆ. ಮುಂದೆ ಜಾಗ್ರತೆ ವಹಿಸತಕ್ಕದ್ದು.’ ಮೆಮೊ ಹಿಂತೆಗೆದುಕೊಂಡಿಲ್ಲ, ಕಡತದಲ್ಲೇ ಇದೆ. ಮಾರನೆಯ ದಿನ ಒಬ್ಬ ಹುಡುಗ ಬಂದು ದಾಖಲೆ ಪೆಟ್ಟಿಗೆಯ ಗಡಿಯಾರ ಸರಿಪಡಿಸಿದ. ಏಣಿ ತಂದಿದ್ದ, ಕ್ಯಾಮೆರಾ ತಿರುಗಿಸುತ್ತಾನೇನೋ ಎಂದು ನೋಡುತ್ತ ಕೂತಿದ್ದೆ. ಗಾಜು ಒರೆಸಿ ಇಳಿದ.

ಈಗ ಐದು ಜನ ಸೇರಿ ಇನ್ನೊಂದು ಪತ್ರ ಬರೆದಿದ್ದೇವೆ. ಕ್ಯಾಮೆರಾದ ಉದ್ದೇಶ ಏನು, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಧ್ವನಿ ದಾಖಲಾಗುತ್ತದೆಯೇ. ಕುರ್ಚಿಗಳಿರುವ ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚಿ ಎಂದೂ ಕೇಳಿದ್ದೇವೆ. ಆರನೆಯವರು ಓದಿ ನೋಡಿ ಸಹಿ ಹಾಕದೆ ಹಿಂದಿರುಗಿಸಿದರು, ಅವರ ಮೇಲೆ ಸಾಲವಿದೆ. ಅವರನ್ನು ದೂರುವುದಿಲ್ಲ.

ತಂತಿಯವರೇ, ಮುಚ್ಚಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ನಿಜವೇ ಎಂದು ನಾವು ಕೆಳಗೆ ನಿಂತು ತಿಳಿಯುವುದು ಹೇಗೆ?

ತಂತಿ ಎಳೆಯುವವನು

ಕೆಳಗೆ ನಿಂತು ತಿಳಿಯಲು ಆಗುವುದಿಲ್ಲ ಮೇಡಂ, ಹೊರಗಿನಿಂದ ಕ್ಯಾಮೆರಾ ಹಾಗೆಯೇ ಕಾಣುತ್ತದೆ. ತೆರೆಯ ಮೇಲಿನ ಚಿತ್ರವನ್ನು ನಿಮ್ಮ ಎದುರಿನಲ್ಲೇ ಮುದ್ರಿಸಿ ಕೊಡಲು ಕೇಳಿ, ದಿನಾಂಕದೊಂದಿಗೆ ಅವರ ಸಹಿಯೂ ಇರಲಿ. ಅದರಲ್ಲಿ ಗೋಡೆ ಗಡಿಯಾರ ಕಾಣದಂತೆ ಮುಚ್ಚಿದ್ದಾರೆಯೇ ನೋಡಿ. ಹಾಗಿದ್ದರೆ ಪಟ್ಟಿಯನ್ನು ಸ್ವಲ್ಪ ಕೆಳಗಿಳಿಸಲು ಹೇಳಿ, ಗಡಿಯಾರ ಕಾಣುತ್ತಲೇ ಇರಲಿ.